ಮೂರು ಬ್ಯಾಸಿಗಿ ದಾಟಿದ ಗಿಡ

ಆರ್ಕಿಟೆಕ್ಟ್ ಎಂದರೆ ಮನೆಯ ನಕ್ಷೆ ತೆಗೆಯುವವರು ಎಂಬುದು ವಿಜಯಪುರದಲ್ಲಿ ಈಗ ಎಲ್ಲರಿಗೂ ಗೊತ್ತು. ನಮ್ಮದು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರ ಆಫೀಸು ಎಂದಾಗ ಮಾತ್ರ ಎದುರಿಗೆ ಕುಳಿತವರು ಚಹಾದ ಕಪ್ಪು ಕೆಳಗಿಟ್ಟು, "ಅಂದ್ರ ಲಾನ್ ಹಾಕಿ ಕೊಡ್ತೀರೇನ್ರಿ? ಚದುರಡಿಗೆ ಎಷ್ಟ್ ಬೀಳತೈತಿ?" ಎಂದು ಕೇಳುತ್ತಾರೆ. ಬರುವ ಹೆಚ್ಚಿನವರ ಮೊದಲ ಮಾತು ಇದೇ. ಅವರದು ತಪ್ಪೆನ್ನಲಾರೆ. ಪುಣೆಯಲ್ಲಿ ಮಗಳ ಅಪಾರ್ಟ್‌ಮೆಂಟಿನ ಮುಂದೆ, ಬೆಂಗಳೂರಿನ ಆಸ್ಪತ್ರೆಯ ಅಂಗಳದಲ್ಲಿ, ಮದುವೆಗೆ ಹೋದ ರಿಸಾರ್ಟಿನಲ್ಲಿ ಅವರು ಕಂಡ ಚೆಲುವೆಲ್ಲ ಹುಲ್ಲಿನದೇ. ಏಪ್ರಿಲ್ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರಿನವರಿಗೆ ಹಸಿರು ಕಂಡರೆ ಆಸೆ ಹುಟ್ಟದೆ ಇನ್ನೇನು ಹುಟ್ಟೀತು?

ಆದರೆ ಲೆಕ್ಕ ಹೇಳಲೇಬೇಕಾಗುತ್ತದೆ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಹುಲ್ಲು ದಿನಕ್ಕೆ ಐದಾರು ಲೀಟರ್ ನೀರು ಕೇಳುತ್ತದೆ. ಒಂದು ಗುಂಟೆಯೆಂದರೆ ನೂರು ಚದರ ಮೀಟರ್‌ಗಿಂತ ತುಸು ಹೆಚ್ಚು. ಅಲ್ಲಿಗೆ ದಿನಕ್ಕೆ 500ರಿಂದ 600 ಲೀಟರ್, ತಿಂಗಳಿಗೆ 5,000 ಲೀಟರಿನ ಮೂರು ಟ್ಯಾಂಕರ್‌ಗಿಂತ ಕಡಿಮೆಯಿಲ್ಲ. ಈ ನೀರನ್ನು ಹುಲ್ಲು ಈ ವರ್ಷ, ಮುಂದಿನ ವರ್ಷ, ಆಮೇಲಿನ ವರ್ಷ, ಕೇಳುತ್ತಲೇ ಇರುತ್ತದೆ. ಬೇವಿನ ಗಿಡಕ್ಕೆ ಹಾಗಲ್ಲ. ಮೊದಲ ಮೂರು ಬೇಸಿಗೆ ವಾರಕ್ಕೆರಡು ಸಲ ಒಂದೊಂದು ಕೊಡ ನೀರು ಹಾಕಿದರೆ, ಅಲ್ಲಿಂದ ಮುಂದೆ ಅದು ತನ್ನ ನೀರು ತಾನೇ ಹುಡುಕಿಕೊಳ್ಳುತ್ತದೆ. ಕೊಡುವುದು ನೆರಳು. ವಿಜಯಪುರದಲ್ಲಿ ನೆರಳಿಗಿಂತ ದೊಡ್ಡ ಸಿರಿ ಇಲ್ಲ.

ಆಶ್ರಮ ರಸ್ತೆಯ ಕಡೆ ಮಹಡಿಯ ಮೇಲಿನ ಎರಡು ಕೋಣೆ ನಮ್ಮ ಆಫೀಸು. ಯಜಮಾನಿಕೆ ಮೇಡಂ ಅವರದು. ಡ್ರಾಯಿಂಗ್ ಮಾಡುವ ಇಬ್ಬರು ಹುಡುಗರು, ಸೈಟು ಮತ್ತು ಎಸ್ಟಿಮೇಟು ನೋಡುವ ನಾನು, ಮಾಲಿ ಕಾಕಾ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಗಾಜಿನ ಬಾಟಲಿಗಳಿವೆ. ಪ್ರತಿ ಸೈಟಿನ ಮಣ್ಣು ತಂದು, ಬಾಟಲಿಗೆ ಹಾಕಿ, ನೀರು ತುಂಬಿ ಅಲ್ಲಾಡಿಸಿ ಇಟ್ಟಿರುತ್ತೇವೆ. ಮರುದಿನ ಉಸುಕು ತಳದಲ್ಲಿ, ಮೇಲೆ ರೇವೆ, ಅದರ ಮೇಲೆ ಜೇಡಿ ಪದರು ಪದರಾಗಿ ಕೂತಿರುತ್ತವೆ. ತಿಕೋಟಾ ಕಡೆಯ ಬಾಟಲಿಯಲ್ಲಿ ಗರಸು ಬೇಗ ತಳ ಸೇರಿ ಮೇಲೆ ನೀರು ತಿಳಿಯಾಗುತ್ತದೆ. ಬಬಲೇಶ್ವರದ ಎರಿ ಮಣ್ಣಿನ ಬಾಟಲಿ ವಾರವಾದರೂ ಕಲಕಿಕೊಂಡೇ ಇರುತ್ತದೆ. ಹೊಸದಾಗಿ ಬಂದ ಹುಡುಗರಿಗೆ ಮೇಡಂ ಮೊದಲು ತೋರಿಸುವುದು ಈ ಬಾಟಲಿಗಳನ್ನೇ, ಕಂಪ್ಯೂಟರು ಆಮೇಲೆ.

ಈ ಎರಡು ಮಣ್ಣಿನ ನಡುವೆಯೇ ನಮ್ಮ ಕಸುಬೆಲ್ಲ. ಎರಿ ಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಮೊಳಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಪೇವರ್ ಹಾಸಿದರೆ ಒಂದೇ ವರ್ಷದಲ್ಲಿ ಅಂಗಳ ಏರಿಳಿತವಾಗುತ್ತದೆ. ಎರಡು-ಮೂರು ಅಡಿ ಕರಿಮಣ್ಣು ತೆಗೆದು, ಗರಸು ತುಂಬಿ, ರೋಲರ್ ಹೊಡೆದು, ಆಮೇಲೆ ಫರಸಿಯನ್ನೋ ಪೇವರನ್ನೋ ಹಾಸಬೇಕು. ಎಸ್ಟಿಮೇಟಿನಲ್ಲಿ ಈ ಸಾಲು ನೋಡಿದ ಕೂಡಲೇ, "ನೆಲದಾಗ ಹೂಳೂದಕ್ಕ ಇಷ್ಟ್ ರೊಕ್ಕ ಯಾಕರಿ?" ಎಂಬ ತಕರಾರು ಬರುತ್ತದೆ. ಗರಸಿನ ಮಡ್ಡಿ ನೆಲದ ಕಥೆ ಬೇರೆ. ಒಂದು ಅಡಿ ಕೆಳಗೆ ಕರಿಕಲ್ಲಿನ ಹಾಸು. ಬ್ರೇಕರ್ ಹಚ್ಚಿ ಗುಂಡಿ ತೋಡಿದರೆ ಅದು ಕಲ್ಲಿನ ಬಾನಿಯಾಗುತ್ತದೆ. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಮಳೆಯಿಲ್ಲದ ಊರಿನಲ್ಲಿ ನೀರು ಹೆಚ್ಚಾಗಿ ಗಿಡ ಸಾಯುತ್ತದೆಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ಇಳಿಜಾರಿನ ಕಡೆ ಬಂಡೆಯನ್ನು ಸೀಳಿ ನೀರಿಗೆ ದಾರಿ ಬಿಡಬೇಕು. ಕಾಗದದ ಮೇಲೆ ಒಂದು ಹಸಿರು ದುಂಡು ಬರೆಯಲು ಎರಡು ಸೆಕೆಂಡು ಸಾಕು. ಆ ದುಂಡಿನ ಕೆಳಗೆ ಏನಿದೆ ಎಂದು ತಿಳಿಯುವುದಕ್ಕೇ ಸಂಬಳ ಎನ್ನುತ್ತಾರೆ ಮೇಡಂ.

ಈ ಊರಿನಲ್ಲಿ ತೋಟ ಮಾಡಿದವರಲ್ಲಿ ನಾವು ಮೊದಲಿಗರಲ್ಲ. ಆದಿಲ್ ಶಾಹಿಗಳ ಗುಮ್ಮಟ, ಕಮಾನುಗಳ ಬಗ್ಗೆ ಪುಸ್ತಕಗಳಿಗೆ ಲೆಕ್ಕವಿಲ್ಲ. ಅವರ ನೀರಿನ ಕೆಲಸದ ಬಗ್ಗೆ ನನಗೆ ಅದಕ್ಕಿಂತ ಹೆಚ್ಚು ಬೆರಗು. ತಾಜ್ ಬಾವಡಿ 1620ರದು, ಚಾಂದ್ ಬಾವಡಿ ಅದಕ್ಕೂ ಹಿಂದಿನದು. ಬೇಗಂ ತಲಾಬ್ ಕಟ್ಟಿಸಿದ್ದು ಮುಹಮ್ಮದ್ ಆದಿಲ್ ಶಾಹ, 1651ರಲ್ಲಿ. ಅಲ್ಲಿಂದ ನೆಲದೊಳಗಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಎತ್ತರದ ನೀರಿನ ಗೋಪುರಗಳು: ಒತ್ತಡ ಹೆಚ್ಚಾಗಿ ಕೊಳವೆ ಒಡೆಯಬಾರದು, ಕೆಸರು ಅಲ್ಲೇ ತಳ ಸೇರಬೇಕು. ಈಗಲೂ ಕೆಲವು ಗಂಜ್‌ಗಳು ಮನೆಗಳ ನಡುವೆ ನಿಂತಿವೆ. ಅರಕಿಲ್ಲೆಯ ಬಳಿ ಸಾತ್ ಮಂಜಿಲ್ ಎದುರಿನ ಜಲ ಮಂಜಿಲ್ ಈಗ ರಸ್ತೆಯ ಬದಿಯ ಒಂದು ಚಂದದ ಕಲ್ಲಿನ ಮಂಟಪ. ಒಂದು ಕಾಲಕ್ಕೆ ಅದು ಹೊಂಡದ ನೀರಿನ ನಡುವೆ ಇತ್ತು. ಕುಮಟಗಿಗೆ ಹೋದರೆ ಕೆರೆಯ ನಡುವಿನ ಮಂಟಪ, ಮೇಲಿನ ತೊಟ್ಟಿಯಿಂದ ಕೊಳವೆಯಲ್ಲಿ ಇಳಿದು ಚಾವಣಿಯಿಂದ ತುಂತುರಾಗಿ ಬೀಳುತ್ತಿದ್ದ ನೀರಿನ ಏರ್ಪಾಡು ಕಾಣುತ್ತದೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ ನಿಂತವರಿಗೆ, ಈ ಜನಕ್ಕೆ ಸೆಕೆ ಎಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದು ಅರ್ಥವಾಗುತ್ತದೆ.

ಅವರು ಮೊದಲು ನೀರು ತಂದರು, ಆಮೇಲೆ ತೋಟ ಹಾಕಿದರು. ಇಬ್ರಾಹಿಂ ರೋಜಾದ ಆವರಣದಲ್ಲಿ ಸಮಾಧಿಗೂ ಮಸೀದಿಗೂ ನಡುವೆ ಕಾರಂಜಿಯ ಹೊಂಡ ಇದೆಯಲ್ಲ, ಅದಕ್ಕೆ ನೀರು ಎಲ್ಲಿಂದ ಬರಬೇಕೆಂದು ತೀರ್ಮಾನವಾಗದೆ ಅದರ ಕಲ್ಲು ಕೂರಿಸಿರಲಾರರು. ನಾವು ಇಂದು ತಿರುವುಮುರುವು ಮಾಡುತ್ತೇವೆ. ಮೊದಲು ತೋಟ, ನೀರಿಗೆ ಟ್ಯಾಂಕರ್ ಇದ್ದೇ ಇದೆಯಲ್ಲ ಎಂಬ ಧೈರ್ಯ. ನಮ್ಮ ಆಫೀಸಿನ ಕಪಾಟಿನಲ್ಲಿ ಹೆನ್ರಿ ಕೌಸೆನ್ಸ್ 1916ರಲ್ಲಿ ಹೊರತಂದ ಬಿಜಾಪುರದ ಪುಸ್ತಕದ ನಕ್ಷೆಗಳ ಪ್ರತಿ ಇದೆ. ಹುಡುಗರು ಅದರಲ್ಲಿ ಗುಮ್ಮಟದ ಅಳತೆ ನೋಡುತ್ತಾರೆ. ನಾನು ನೋಡುವುದು ಹೊಂಡ, ಬಾವಿಗಳನ್ನು.

ಊರೊಳಗೆ ಕೆಲಸ ಮಾಡುವವರಿಗೆ ಇನ್ನೊಂದು ಶಿಸ್ತೂ ಬೇಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ವಿಜಯಪುರದಲ್ಲಿ ಸ್ಮಾರಕಕ್ಕೊಂದು ಸ್ಮಾರಕ ತಾಗಿಕೊಂಡಿರುವುದರಿಂದ ಈ ವರ್ತುಲಗಳು ಒಂದರ ಮೇಲೊಂದು ಬೀಳುತ್ತವೆ. ಕಟ್ಟೆಯೊಂದರ ಪಾಯ ತೆಗೆಯಬೇಕೆಂದರೂ ಮೊದಲು ನಕ್ಷೆಯ ಮೇಲೆ ಕೈವಾರ ತಿರುಗಿಸುತ್ತೇವೆ. ಕೆಲವರು ಗೊಣಗುತ್ತಾರೆ. ನನಗೆ ಈ ಕಾನೂನು ಬೇಕು. ಇಲ್ಲಿ ಎಲ್ಲಿ ಅಗೆದರೆ ಯಾವ ಕಾಲದ ಕೊಳವೆ ಸಿಕ್ಕೀತೋ ಹೇಳಲಾಗದು.

ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆ ಹೊರಟರೆ ಮೊದಲು ತೊರವಿ. ಎರಡನೇ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ಇಲ್ಲಿ ನವರಸಪುರವೆಂಬ ಹೊಸ ನಗರಕ್ಕೆ ಕೈಹಾಕಿದ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಸಂಗೀತ ಮಹಲಿನ ಕಮಾನು ಉಳಿದಿದೆ. ಈ ಬದಿಯಿಂದಲೇ ಸುರಂಗದಲ್ಲಿ ನಗರಕ್ಕೆ ನೀರು ಹರಿಯುತ್ತಿತ್ತು. ಆ ಏರ್ಪಾಡಿನ ಸುರಂಗ ಬಾವಡಿಯನ್ನು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2020ರ ತನ್ನ ಕಾಳಜಿ ಬೇಕಾದ ತಾಣಗಳ ಪಟ್ಟಿಗೆ ಸೇರಿಸಿದಾಗ ನಮ್ಮ ಆಫೀಸಿನಲ್ಲಿ ಹಬ್ಬದ ಸಡಗರ. ತೊರವಿ ದಾಟಿದರೆ ಬಯಲು, ಆಮೇಲೆ ದ್ರಾಕ್ಷಿ.

ತಿಕೋಟಾದ ದ್ರಾಕ್ಷಿ ಬೆಳೆಗಾರರ ಬಗ್ಗೆ ನನಗೆ ಬಹಳ ಗೌರವ. ಹನಿ ನೀರಿನ ಲೆಕ್ಕ ಅವರಷ್ಟು ಖಚಿತವಾಗಿ ಬಲ್ಲವರು ಕಡಿಮೆ. ಬರ ಬಿದ್ದ ವರ್ಷಗಳಲ್ಲಿ ಬೋರು ಬತ್ತಿ, ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ಜನ ಇವರು. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ಬಳ್ಳಿ ಸವರುವ ಕಾಲಕ್ಕೆ ತಕ್ಕಂತೆ ವರ್ಷವನ್ನು ಎರಡು ಭಾಗ ಮಾಡಿ, ಯಾವ ವಾರ ಬಳ್ಳಿಗೆ ಎಷ್ಟು ನೀರು, ಯಾವಾಗ ನೀರು ಹಿಡಿಯಬೇಕು ಎಂದು ಬಾಯಲ್ಲೇ ಹೇಳುತ್ತಾರೆ. ಫೆಬ್ರುವರಿಯಿಂದ ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಕೆಲಸ ಶುರು. ಹಣ್ಣಿನ ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಮೇಲೆ ತಗಡು, ಸುತ್ತ ನೆರಳಿನ ಬಟ್ಟೆ, ಗಾಳಿ ಆಡಲು ದಾರಿ. ನೇರ ಬಿಸಿಲು ಬೀಳಕೂಡದು, ಗಾಳಿ ನಿಲ್ಲಕೂಡದು. ನೆರಳು, ಗಾಳಿಗಳನ್ನು ಹೇಗೆ ದುಡಿಸಿಕೊಳ್ಳಬೇಕೆಂದು ಕಲಿಯಲು ವಿದ್ಯಾರ್ಥಿಗಳನ್ನು ಮೇಡಂ ಕರೆದೊಯ್ಯುವುದು ಈ ಶೆಡ್ಡುಗಳಿಗೆ. ಆದರೆ ಇದೇ ಬೆಳೆಗಾರ ತೋಟದಲ್ಲಿ ಹೊಸ ಮನೆ ಕಟ್ಟಿಸಿದಾಗ ಮನೆಯ ಮುಂದೆ ಬೇಕೆನ್ನುವುದು ಅರ್ಧ ಎಕರೆ ಹುಲ್ಲು!

ಅಂಥ ಒಂದು ಮನೆಯಲ್ಲಿ ಡ್ರಾಯಿಂಗ್ ಹಾಸಿ ಮಾತಾಡುತ್ತಿದ್ದೆವು. ಯಜಮಾನರು, ಅವರ ಇಬ್ಬರು ಮಕ್ಕಳು, ಬಾಗಿಲ ಬಳಿ ಕಂಬಕ್ಕೆ ಒರಗಿ ಕುಳಿತ ಅವರ ತಾಯಿ. ಹುಲ್ಲು ಎಲ್ಲಿಯತನಕ, ಕಾರಂಜಿ ಎಲ್ಲಿ, ಕಾರು ಎಲ್ಲಿ ತಿರುಗಬೇಕು ಎಂದು ಮಕ್ಕಳು ಬೆರಳಿಟ್ಟು ತೋರಿಸುತ್ತಿದ್ದರು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ಯಪ್ಪಾ, ಎಲ್ಲಾ ಛಲೋ ಐತಿ. ಮಂದಿ ಬಂದ್ರ ಕುಂದ್ರಾಕ ನೆಳ್ಳ ಎಲ್ಲೈತಿ?" ಎಂದಳು. ಯಾರೂ ಮಾತಾಡಲಿಲ್ಲ. ಯಜಮಾನರೇ ಕೊನೆಗೆ, "ಅವ್ವ ಹೇಳೂದೂ ಖರೇ ಐತ್ರಿ. ಹುಣಸಿ ಗಿಡದ ಕಟ್ಟಿ ಇತ್ತು, ಮನಿ ಕಟ್ಟುಮುಂದ ಹ್ವಾತು" ಎಂದರು. ಆ ಮನೆಯ ನಕ್ಷೆ ಅಂದೇ ಬದಲಾಯಿತು. ಹುಲ್ಲು ಮೆಟ್ಟಿಲಿನ ಮುಂದೆ ಹಾಸಿಗೆಯಷ್ಟು ಉಳಿಯಿತು. ಪಡುವಣದ ಬಿಸಿಲಿಗೆ ಅಡ್ಡವಾಗಿ ಬೇವು, ಹುಲಗಲ, ತಪಸಿ. ಅಂಗಳದ ನಡುವೆ ಹುಣಸೆ, ಅದಕ್ಕೆ ಕಲ್ಲಿನ ಕಟ್ಟೆ. ಸ್ನಾನದ ನೀರು ಬಾಳೆ, ನುಗ್ಗೆ, ಕರಿಬೇವಿಗೆ. ಡ್ರಿಪ್ ಎಳೆಯುವುದನ್ನು ಮಾತ್ರ ನಾವು ಅವರಿಗೆ ಹೇಳಿಕೊಡಲಿಲ್ಲ. ಅವರ ಮಗನೇ ನಮ್ಮ ಡ್ರಾಯಿಂಗಿನಲ್ಲಿ ಲ್ಯಾಟರಲ್ ದೂರ ತಿದ್ದಿಕೊಟ್ಟ.

ಗಿಡಗಳು ಎಲ್ಲಿಂದ ಬರುತ್ತವೆ ಎಂಬುದೂ ಒಂದು ದೊಡ್ಡ ಮಾತು. ದೊಡ್ಡ ಕೆಲಸವೆಂದರೆ ಆಂಧ್ರದ ಕಡಿಯಂ ನರ್ಸರಿಗಳಿಂದ ಲಾರಿ ಬರುತ್ತದೆ. ಗೋದಾವರಿ ದಂಡೆಯ ಮೆತ್ತನೆ ಮಣ್ಣಿನಲ್ಲಿ, ತೇವದ ಗಾಳಿಯಲ್ಲಿ ಬೆಳೆದ ಗಿಡಗಳು ನೋಡಲು ಮಿರಿಮಿರಿ. ಇಳಿಸಿದ ದಿನವೇ ನೆಟ್ಟು, ಫೋಟೊ ತೆಗೆದು, ಬಿಲ್ ಕೊಟ್ಟರೆ ಎಲ್ಲರೂ ಖುಷಿ. ಇಲ್ಲಿಯ ಒಣ ಗಾಳಿ ತಾಗಿದ ಎರಡೇ ವಾರಕ್ಕೆ ಎಲೆಯಂಚು ಸುಟ್ಟಂತಾಗುತ್ತದೆ. ತಂದ ಗಿಡವನ್ನು ನೆರಳಿನ ಬಟ್ಟೆಯ ಕೆಳಗೆ ತಿಂಗಳುಗಟ್ಟಲೆ ಇಟ್ಟು, ದಿನದಿನಕ್ಕೆ ಬಿಸಿಲು ರೂಢಿ ಮಾಡಿಸಿ ಆಮೇಲೆ ನೆಡಬೇಕು ಎಂಬುದು ಮಾಲಿ ಕಾಕಾನ ಹಟ. ಬೇಗ ಬೆಳೆಯುತ್ತದೆಂದು ಎಲ್ಲರೂ ಕೇಳುವ ಕೊನೊಕಾರ್ಪಸ್ ಅನ್ನು ನಾವು ಹಾಕುವುದೇ ಇಲ್ಲ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನಿಷೇಧಿಸಿತು. ಬನ್ನಿ, ಅತ್ತಿ, ಬಸರಿ, ಪತ್ರಿ, ಕಕ್ಕೆ, ಮುತ್ತಲ ಇರುವ ನಾಡಿಗೆ ಅದರ ಅಗತ್ಯವೇನು? ಆದರೆ ಬಸರಿ, ತಪಸಿ ಬೇಕೆಂದರೆ ನರ್ಸರಿಯಲ್ಲಿ ಸಿಗುವುದು ಕಷ್ಟ. ಕಾಕಾ ಬೀಜ ಆರಿಸಿ ತಂದು ನಮ್ಮ ಜಾಗದಲ್ಲೇ ಸಸಿ ಮಾಡುತ್ತಾನೆ.

ಕಾಕಾ ಮೊದಲು ದ್ರಾಕ್ಷಿ ತೋಟಗಳಲ್ಲಿ ಚಾಟ್ನಿ ಮಾಡುತ್ತಿದ್ದವನು. ಅವನ ಕಟ್ಟಾ ನಂಬಿಕೆ ಒಂದೇ: "ಗಿಡ ಹಚ್ಚೂದು ಒಂದ್ ದಿನದ ಕೆಲಸರಿ. ನೀರ್ ಹಾಕೂದು ಮೂರ್ ಬ್ಯಾಸಿಗಿದು. ಮೂರ್ ಬ್ಯಾಸಿಗಿ ದಾಟಿಸ್ರಿ, ಆಮ್ಯಾಲ ಅದಕ್ಕ ನೀವೂ ಬ್ಯಾಡ, ನಾನೂ ಬ್ಯಾಡ." ಲ್ಯಾಂಡ್‌ಸ್ಕೇಪ್ ಕಸುಬಿನ ತಿರುಳೆಲ್ಲ ಈ ಮಾತಿನಲ್ಲಿದೆ ಎಂದು ನಾನು ನಂಬಿದ್ದೇನೆ. ಇದನ್ನು ಟೆಂಡರಿನ ಭಾಷೆಗೆ ಇಳಿಸುವುದೇ ನಮ್ಮ ದೊಡ್ಡ ಕಷ್ಟ. ಕಾಮಗಾರಿಯ ನಿರ್ವಹಣೆ ಒಂದು ವರ್ಷ ಎಂದು ಬರೆದಿರುತ್ತದೆ. ಮೊದಲ ಬೇಸಿಗೆ ಮುಗಿಯುತ್ತಿದ್ದಂತೆ ಗುತ್ತಿಗೆದಾರ ಪೈಪು ಸುತ್ತಿಕೊಂಡು ಹೋಗುತ್ತಾನೆ. ಎರಡನೇ ಬೇಸಿಗೆಗೆ ಗಿಡ ಒಣಗುತ್ತದೆ. ಮೂರನೇ ವರ್ಷ ಅದೇ ಗುಂಡಿಗೆ ಹೊಸ ಗಿಡ, ಹೊಸ ಬಿಲ್ಲು. ಹಾಗಾದ ಸೈಟುಗಳ ಮುಂದೆ ಹೋಗುವಾಗ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮ ಜಿಲ್ಲೆಯ ಅರಣ್ಯ ಒಂದು ಕಾಲಕ್ಕೆ ಶೇ 0.17 ಇತ್ತು ಎಂಬ ಅಂಕಿ ಇಲ್ಲಿನ ಶಾಲಾ ಮಕ್ಕಳಿಗೂ ಬಾಯಿಪಾಠ. ಎಂ. ಬಿ. ಪಾಟೀಲರ ಮುಂದಾಳತ್ವದಲ್ಲಿ ಶುರುವಾದ ಕೋಟಿ ವೃಕ್ಷ ಅಭಿಯಾನ ಆ ಅಂಕಿಯ ಎದುರಿಗೆ ಎದ್ದು ನಿಂತದ್ದು. ಭೂತನಾಳ ಕೆರೆಯ ಸುತ್ತ ಇಂದು ಹೋಗಿ ನೋಡಿದರೆ, ಬೋಳು ಮಡ್ಡಿಯ ಮೇಲೂ ಗಿಡ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಲ್ಲಿ ಗಿಡ ಉಳಿದದ್ದು ನೀರು ಹಾಕುವ ಏರ್ಪಾಡು ಇದ್ದುದರಿಂದ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 15 ಲಕ್ಷ ಗಿಡ ನೆಡಿಸಿದ ಕಥೆಯಲ್ಲೂ ನಾನು ಹುಡುಕುವುದು ನೆಟ್ಟ ಸಂಖ್ಯೆಯನ್ನಲ್ಲ. ಗಿಡಕ್ಕೆ ಕಾವಲು ಹೇಗಿತ್ತು, ಯಾರು ನೋಡಿಕೊಂಡರು ಎಂಬುದನ್ನು. ಜೋಧಪುರದ ಮೆಹರಾನ್‌ಗಢ ಕೋಟೆಯ ಕೆಳಗೆ ಪ್ರದೀಪ್ ಕೃಷೆನ್ ಮತ್ತು ಸಂಗಡಿಗರು 2006ರಿಂದ ಬಳ್ಳಾರಿ ಜಾಲಿಯನ್ನು ಕಿತ್ತು, ಬಂಡೆಯ ಮೇಲೆ ಮರುಭೂಮಿಯ ಸ್ವಂತ ಗಿಡಗಳನ್ನೇ ಬೆಳೆಸಿ ರಾವ್ ಜೋಧಾ ಉದ್ಯಾನ ಮಾಡಿದರು. ಅಲ್ಲಿ ಹುಲ್ಲುಹಾಸೂ ಇಲ್ಲ, ಕಾರಂಜಿಯೂ ಇಲ್ಲ; ನೋಡಲು ಮಾತ್ರ ಜನ ದೂರದೂರದಿಂದ ಬರುತ್ತಾರೆ. ನಮ್ಮ ಮಡ್ಡಿಗಳಲ್ಲೂ ಅಂಥದ್ದೊಂದು ಏಕಾಗಬಾರದು ಎಂಬುದು ನನ್ನ ಬಹುದಿನದ ಆಸೆ.

ನೆಡುವ ಕಾಲದ ವಿಷಯದಲ್ಲೂ ನಾವು ಬೇರೆಯವರ ಪಂಚಾಂಗ ಹಿಡಿದಿದ್ದೇವೆ. ಜೂನ್ 5 ಬಂತೆಂದರೆ ಎಲ್ಲೆಲ್ಲೂ ಗಿಡ ನೆಡುವ ಸಂಭ್ರಮ. ಮಲೆನಾಡಿಗೆ ಅದು ಸರಿ. ವಿಜಯಪುರದಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಜೂನ್ ಮಳೆ ನಂಬುವಂಥದ್ದಲ್ಲ, ಜುಲೈಯಲ್ಲಿ ಬೀಸುವ ಪಡುವಣ ಗಾಳಿ ಎಳೆ ಗಿಡದ ಪಸೆಯನ್ನೆಲ್ಲ ಹೀರುತ್ತದೆ. ಇಲ್ಲಿನ ರೈತರು ಬಿಳಿಜೋಳವನ್ನು ಹಿಂಗಾರಿಗೆ ಏಕೆ ಇಟ್ಟುಕೊಂಡರೆಂದು ಯೋಚಿಸಿದರೆ ಸಾಕು. ನಾವು ಜೂನ್ ತಿಂಗಳಲ್ಲಿ ಗುಂಡಿ ತೋಡಿ, ತಿಪ್ಪೆಗೊಬ್ಬರ ಹಾಕಿ, ಮಳೆಗೆ ಬಿಡುತ್ತೇವೆ. ಗಿಡ ಇಳಿಸುವುದು ಉತ್ತರಿ ಮಳೆಗೆ, ಜೋಳದ ಬಿತ್ತಿಗೆಯ ಜೊತೆಗೆ.

ಬಬಲೇಶ್ವರದ ಕಡೆ ಇಳಿದರೆ ಈ ಹಿಂಗಾರಿಯ ಸೀಮೆ ಕಣ್ಣು ತುಂಬುತ್ತದೆ. ಸಾರವಾಡದ ಬಳಿ ಡೋಣಿ ಹರಿಯುತ್ತದೆ. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎನ್ನುವ ಮಾತು ಹುಟ್ಟಿದ್ದು ಈ ಹೊಲಗಳಲ್ಲಿ. ಇಲ್ಲಿ ಮೈಲುಗಟ್ಟಲೆ ಒಂದು ಮರವಿಲ್ಲವೆಂದು ಹೊರಗಿನವರು ಮರುಗುತ್ತಾರೆ. ನಾನು ಮರುಗುವುದಿಲ್ಲ. ಎರಿ ಹೊಲದ ಬಯಲಿಗೆ ಅದರದೇ ಗಾಂಭೀರ್ಯವಿದೆ. ಜನವರಿಯಲ್ಲಿ ಜೋಳ ತೆನೆ ಬಿಟ್ಟಾಗ ಅದನ್ನು ಮೀರಿಸುವ ತೋಟವನ್ನು ಯಾವ ಆಫೀಸೂ ಮಾಡಲಾರದು. ಮರ ಬೇಕಾದದ್ದು ಒಡ್ಡಿನ ಮೇಲೆ, ಬಾವಿಯ ಬಳಿ, ಬಸ್ಸು ನಿಲ್ಲುವಲ್ಲಿ, ಶಾಲೆಯಲ್ಲಿ, ಸಂತೆಯಲ್ಲಿ. ಮಮದಾಪುರದಲ್ಲಿ ಆದಿಲ್ ಶಾಹಿ ಕಾಲದ ದೊಡ್ಡ ಕೆರೆ, ಸಣ್ಣ ಕೆರೆ ಇಂದಿಗೂ ಇವೆ. ಈಗ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ತಿಕೋಟಾ, ಬಬಲೇಶ್ವರ ಎರಡೂ ತಾಲ್ಲೂಕುಗಳಿಗೆ ಬಂದಿದೆ. ಕೆರೆ ತುಂಬಿದವು, ಬೋರುಗಳಿಗೆ ಜೀವ ಬಂತು, ಜನ ಹಬ್ಬ ಮಾಡಿದರು. ನಾನೂ ಸಂತೋಷಪಟ್ಟವನೇ. ಆದರೆ ನೀರು ಬಂದದ್ದೇ ತಡ, ನಮ್ಮ ಆಫೀಸಿಗೆ ಹುಲ್ಲುಹಾಸಿನ ಬೇಡಿಕೆಯೂ ಏರಿತು. ಅಷ್ಟು ಎತ್ತರಕ್ಕೆ ಕರೆಂಟು ಸುಟ್ಟು ಎತ್ತಿ ತಂದ ನೀರು ಅದು. ಅದರ ಒಂದೊಂದು ಕೊಡವೂ ಜೋಳಕ್ಕೋ ದ್ರಾಕ್ಷಿಗೋ ದನಕ್ಕೋ ಒಂದು ಮರಕ್ಕೋ ಹೋಗಲಿ ಎಂದು ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ.

ಮರಗಳ ಮಾತು ಬಂದಾಗ ದೊಡ್ಡ ಹುಣಸೆಯನ್ನು ಬಿಡಲಾಗದು. ದೊಡ್ಡ ಹುಣಸೆಯೆಂದು ನಾವು ಕರೆಯುವ ಆಫ್ರಿಕಾದ ಬಾವೊಬಾಬ್ ಮರಗಳು ವಿಜಯಪುರದಲ್ಲಿವೆ. ಆದಿಲ್ ಶಾಹಿ ಆಸ್ಥಾನದಲ್ಲಿ ಆಫ್ರಿಕಾ ಮೂಲದ ಹಬಶಿ ಸರದಾರರಿದ್ದ ಊರಿದು. ಆನೆಯ ಮೈಯಂಥ ಆ ಮರದ ಬೊಡ್ಡೆಯೊಳಗೆ ನೀರೇ ತುಂಬಿರುತ್ತದೆ, ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನಿರುತ್ತದೆ. ಸವಣೂರಿನ ಕಲ್ಮಠದಲ್ಲಿ ಇಂಥ ಮೂರು ಮರಗಳಿದ್ದವು. 2023ರ ಜುಲೈಯಲ್ಲಿ ಅವುಗಳಲ್ಲಿ ಒಂದು ಉರುಳಿದಾಗ ಜನ ಸೇರಿ ಅದನ್ನು ಎತ್ತಿ ಮತ್ತೆ ನೆಟ್ಟರು. ಆ ಸುದ್ದಿ ಓದಿದ ದಿನ ನಮ್ಮ ಆಫೀಸಿನಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಕ್ರೇನು ಎಲ್ಲಿ ಕಟ್ಟಿರಬೇಕು, ಬೇರಿಗೆ ಏನು ಹಚ್ಚಿರಬೇಕು ಎಂದು ಹುಡುಗರು ಬೋರ್ಡಿನ ಮೇಲೆ ಬರೆದು ಬರೆದು ಚರ್ಚಿಸಿದರು.

ಬಬಲೇಶ್ವರ ತಾಲ್ಲೂಕಿನ ಒಂದು ಶಾಲೆಯ ಅಂಗಳ ಈಗ ನಮ್ಮ ಕೈಯಲ್ಲಿದೆ. ಎರಿ ನೆಲ, ಮಳೆ ಬಂದರೆ ಪ್ರಾರ್ಥನೆಗೆ ನಿಲ್ಲಲೂ ಜಾಗವಿಲ್ಲದಷ್ಟು ರಾಡಿ. ಚಾವಣಿಯ ನೀರನ್ನು ಕಾಲುವೆಯಲ್ಲಿ ಮೂಲೆಯ ಹೊಂಡಕ್ಕೆ ತಿರುಗಿಸಿದ್ದೇವೆ. ನಡುವೆ ಗರಸಿನ ಅಂಕಣ, ಸುತ್ತ ಬೇವು ಮತ್ತು ಹುಲಗಲ, ನೀರಿನ ನಲ್ಲಿಯ ಬಳಿ ಅತ್ತಿ. ಎಸ್ಟಿಮೇಟಿನಲ್ಲಿ ಈ ಸಲ ಮೇಡಂ ಎರಡನೇ, ಮೂರನೇ ವರ್ಷದ ನೀರು ಮತ್ತು ಮಾಲಿಯ ಕೂಲಿಯನ್ನು ಬೇರೆ ಸಾಲಾಗಿ ಬರೆದರು. ಶಾಲಾ ಸಮಿತಿಯವರು ಅದನ್ನು ತೆಗೆಯಿರಿ ಎಂದರು. ಗೇಟು, ಕಮಾನು ಬೇಕಾದರೆ ತೆಗೆಯುತ್ತೇವೆ, ಈ ಸಾಲು ತೆಗೆಯುವುದಿಲ್ಲ ಎಂದು ಮೇಡಂ ಕೂತರು. ಮಾತು ಬಹಳ ಹೊತ್ತು ನಡೆಯಿತು. ಕೊನೆಗೆ ಕಮಾನು ಹೋಯಿತು, ಕಾಕಾನ ಕೂಲಿ ಉಳಿಯಿತು. ಉತ್ತರಿಗೆ ಇನ್ನು ಹೆಚ್ಚು ದಿನವಿಲ್ಲ. ಗುಂಡಿಗಳು ತಯಾರಿವೆ, ಗೊಬ್ಬರ ಬಿದ್ದಿದೆ, ಗರಸಿನ ಟಿಪ್ಪರ್ ನಾಳೆ ಬರುತ್ತದೆ.